ಲೆಕ್ಕದಲ್ಲಿ ಇಲ್ಲದ ಹೆಸರು

ಅಝೀಮನ ಮೇಲೆ ನನಗೆ ಮೊದಲು ಬಂದದ್ದು ಸಿಟ್ಟು. ಪ್ರೀತಿ ಆಮೇಲೆ ಬಂತು, ಅದೂ ಸಿಟ್ಟು ಪೂರ್ತಿ ಇಳಿಯುವ ಮೊದಲೇ. ಹಾಗಾಗಿ ಇವತ್ತಿಗೂ ಅವೆರಡರ ನಡುವೆ ಗೆರೆ ಎಳೆಯಲು ನನಗೆ ಬರುವುದಿಲ್ಲ.

ಶುರುವಾದದ್ದು ಗದಗಿನ ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ. ಎಂ.ಕಾಂ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಅಲ್ಲಿ ಎರಡು ಹಾಳೆ ಅಂಟಿಸುತ್ತಾರೆ. ಒಂದರ ತಲೆಯ ಮೇಲೆ ಟ್ಯಾಕ್ಸೇಶನ್ ಅಂತ ಇರುತ್ತದೆ, ಇನ್ನೊಂದರ ಮೇಲೆ ಕಾಸ್ಟಿಂಗ್ ಅಂತ. ಎರಡನೇ ವರ್ಷ ಯಾವುದನ್ನು ವಿಶೇಷವಾಗಿ ಓದುತ್ತೀರೋ ಅದರ ಕೆಳಗೆ ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಹೆಸರು ಬರೆಯಬೇಕು. ಹತ್ತು ಹೆಸರಾಗದಿದ್ದರೆ ಆ ವಿಷಯ ಆ ವರ್ಷ ಇಲ್ಲ. ಕಾಸ್ಟಿಂಗ್ ನಾಲ್ಕು ವರ್ಷಗಳಿಂದ ನಡೆದೇ ಇರಲಿಲ್ಲ.

ನನಗೆ ಬೇಕಾದದ್ದು ಅದೇ. ಒಂದು ವಸ್ತು ತಯಾರಾಗಲು ಏನೇನು ಹಿಡಿಯುತ್ತದೆ, ಎಷ್ಟು ಸಾಮಾನು, ಎಷ್ಟು ಕೈ, ಎಷ್ಟು ಹೊತ್ತು, ಅದನ್ನು ಎಳೆ ಎಳೆಯಾಗಿ ಬಿಡಿಸಿ ಹೇಳುವ ಓದು.

ಸೋಮವಾರ ಬೆಟಗೇರಿಯಿಂದ ಬೇಗ ಬಂದು ಕಾಸ್ಟಿಂಗ್ ಹಾಳೆಯ ಮೇಲೆ ಮೊದಲನೆಯದಾಗಿ ‘ತಬಸ್ಸುಮ’ ಎಂದು ಬರೆದೆ. ನನ್ನ ಗೆಳತಿ, ಮುಂಡರಗಿಯ ಅಂಕಿತಾ ಎರಡನೆಯವಳು. ಪಕ್ಕದ ಹಾಳೆಯ ಮೊದಲ ಸಾಲಿನಲ್ಲಿ ದುಂಡನೆಯ ಅಕ್ಷರದಲ್ಲಿ ಅಝೀಮನ ಹೆಸರಿತ್ತು. ಅವನು ಕ್ಲಾಸಿಗೇ ಮೊದಲಿಗ. ಮಧ್ಯಾಹ್ನದೊಳಗೆ ಅವನ ಹೆಸರಿನ ಕೆಳಗೆ ಇಪ್ಪತ್ತೆರಡು ಮಂದಿ ಸಾಲುಗಟ್ಟಿದ್ದರು.

ಕ್ಯಾಂಟೀನಿನಲ್ಲಿ ಅವನು ಗಿರ್ಮಿಟ್ ತಿನ್ನುತ್ತ ಕೂತಿದ್ದ. ನಾನು ನೇರವಾಗಿ ಹೋಗಿ ಟೇಬಲ್ಲಿನ ಮುಂದೆ ನಿಂತೆ.

“ಒಂದೆರಡು ದಿನಾ ತಡದು ಹೆಸರು ಬರದಿದ್ರ ನಿಮ್ಮದೇನು ಹೋಗತಿತ್ತು?”

ಅವನು ತಲೆ ಎತ್ತಿದ. ಬಾಯಲ್ಲಿ ಮಂಡಕ್ಕಿ ಇತ್ತು. “ನಾ ಏನ್ ಮಾಡಿದ್ನ್ರಿ?”

“ನಿಮ್ಮ ನೋಟ್ಸ್ ಓದಿ ಅರ್ಧಾ ಕ್ಲಾಸ್ ಪಾಸಾಗೈತಿ. ನೀವು ಎಲ್ಲಿ ಹೋಗ್ತೀರಿ ಎಲ್ಲಾರೂ ಅಲ್ಲೇ ಬರ್ತಾರ. ನೀವು ಬರದ್ರಿ ಅಂತ ಅವರೂ ಬರದ್ರು. ಈಗ ನನಗ ಇನ್ನೂ ಎಂಟು ಮಂದಿ ಎಲ್ಲಿಂದ ಬರಬೇಕು?”

“ಮೊದಲ ಕುಂಡ್ರಿ,” ಎಂದು ಎದುರಿನ ಸ್ಟೂಲನ್ನು ಕಾಲಿನಿಂದ ಸರಿಸಿದ. “ನಿಂತು ಜಗಳಾ ಮಾಡಿದ್ರ ಕಾಲು ನೋಯತಾವು.”

ನನ್ನ ಹಿಂದೆ ಅಂಕಿತಾ ಕಿಸಕ್ಕೆಂದಳು. ನಾನು ಕೂಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಾಲು ನಿಜವಾಗಿಯೂ ನೋಯತೊಡಗಿದ್ದರಿಂದ ಕೂತೆ.

“ನೀವರೆ ಯಾಕ ಟ್ಯಾಕ್ಸೇಶನ್ ತಗೊಂಡ್ರಿ?” ಎಂದೆ. ನೌಕರಿಗಾಗಿ ಅನ್ನುತ್ತಾನೆ, ಬಾಯಿ ಮುಚ್ಚಿಸಬಹುದು ಅಂದುಕೊಂಡಿದ್ದೆ.

ಅವನು ಹಾಗನ್ನಲಿಲ್ಲ. ಅವನ ಊರು ಲಕ್ಷ್ಮೇಶ್ವರದಲ್ಲಿ ಮಾಮಾ ಮಹಬೂಬಸಾಬರದು ಟ್ಯಾಕ್ಸ್ ಆಫೀಸು. ಭಾನುವಾರ ಇವನೂ ಅಲ್ಲಿ ಕೂರುತ್ತಾನೆ. “ಅಂಗಡಿ ಮಂದಿ ನೋಟಿಸ್ ಹಿಡಕೊಂಡು ಬರ್ತಾರ್ರಿ. ಇಂಗ್ಲಿಷ್‌ನ್ಯಾಗ ಇರತೈತಿ. ಓದಾಕ ಬರಂಗಿಲ್ಲ, ಕೈ ನಡಗತಿರತಾವು. ನಾ ಓದಿ, ಇದರಾಗ ಅಂಜೂದು ಏನಿಲ್ಲ, ಹಿಂಗ ಉತ್ತರಾ ಬರಿಯೂಣು ಅಂತೇನಿ. ಆವಾಗ ಅವರ ಮುಖ ಒಮ್ಮಿ ಸಡಲ ಆಗತೈತಿ. ಅದನ್ನ ನೋಡೂದು ಅಂದ್ರ ನನಗ ಭಾಳ ಸೇರತೈತಿ.”

ಅದನ್ನು ಹೇಳುವಾಗ ಅವನ ಮುಖವೂ ಸಡಿಲವಾಗಿತ್ತು. ಜಗಳಕ್ಕೆಂದು ಬಂದವಳು ಸ್ಟೂಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

“ನಿಮಗ ಕಾಸ್ಟಿಂಗ್ ಯಾಕ ಬೇಕು?” ಎಂದು ಕೇಳಿದ.

ಹೇಳಿದೆ. ನನ್ನ ಅಬ್ಬಾ ಖಾಜಾಸಾಬ ಮೂವತ್ತು ವರ್ಷದಿಂದ ಕೈಮಗ್ಗದಲ್ಲಿ ಸೀರೆ ನೇಯುತ್ತಾರೆ. ಹೋದ ವರ್ಷ ನೇಕಾರರ ಸಂಘದ ಸಭೆಯಲ್ಲಿ ಅಧ್ಯಕ್ಷ ಸಕ್ರಪ್ಪನವರು ಎದ್ದು ನಿಂತು, “ಕೂಲಿ ಹೆಚ್ಚ ಮಾಡ್ರಿ ಅಂತ ಬರೀ ಬಾಯಿಲೆ ಕೇಳಿದ್ರ ಆಗಂಗಿಲ್ಲ. ಒಂದು ಸೀರಿ ಆಗಾಕ ಏನೇನ್ ಹಿಡೀತೈತಿ, ಯಾರರೆ ಬಿಡಿಸಿ ಹೇಳ್ರಿ,” ಎಂದು ಕೇಳಿದ್ದರು. ಸಭೆಯಲ್ಲಿ ನಲವತ್ತು ಮಂದಿ ನೇಕಾರರಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ.

“ನಾ ಅಬ್ಬಾಗ ಬುತ್ತಿ ಒಯ್ದಿದ್ನಿ. ಬಾಗಲದಾಗ ನಿಂತು ನೋಡಿದೆ. ಸೀರಿ ಕಣ್ಣ ಮುಚ್ಚಿ ನೇಯೋ ಮನಷ್ಯಾ, ತಲಿ ಕೆಳಗ ಹಾಕಿ ಕುಂತಿದ್ರು. ಅದನ್ನ ನಾ ಇನ್ನೊಮ್ಮೆ ನೋಡಂಗಿಲ್ಲ.”

ಅಝೀಮ ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ನೀವ ಒಂದು ಖರ್ಚಿನ ತಖ್ತೆ ಮಾಡೀರೇನು?” ಎಂದ.

“ಮಾಡೇನಿ.”

“ನಾಳೆ ತರ್ರಿ. ನೋಡೂಣು.”

ಮರುದಿನ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ನನ್ನ ಹಾಳೆಯನ್ನು ಅವನ ಕೈಗೆ ಕೊಟ್ಟೆ. ನೂಲು, ಬಣ್ಣ, ಮಗ್ಗದ ದುರಸ್ತಿ, ಅಬ್ಬಾನ ಇಪ್ಪತ್ತೆಂಟು ತಾಸಿನ ಕೆಲಸ. ಏನೂ ಬಿಟ್ಟಿಲ್ಲ ಎಂಬ ಜಂಬದಲ್ಲಿದ್ದೆ. ಅವನಿಗೆ ಯಾವುದನ್ನಾದರೂ ಎರಡು ಸಲ ಓದುವ ಚಟ. ಮಾತಾಡುವಾಗ ಹಾಳೆ ನೋಡುತ್ತಾನೆ, ಮಾತು ಮುಗಿದ ಮೇಲೆ ನನ್ನನ್ನು ನೋಡುತ್ತಾನೆ. ಆ ನೋಟಕ್ಕೆ ನಾನು ತಯಾರಿರಲಿಲ್ಲ. ದುಪಟ್ಟಾದ ಅಂಚು ಸರಿಮಾಡಿಕೊಳ್ಳುವ ನೆಪ ಮಾಡಿದೆ.

“ಬೆರಳಿಗೆ ಏನಾಗೇತಿ?” ಎಂದ.

ಎಡಗೈ ತೋರುಬೆರಳಿನ ಬದಿಗೆ ಕೆಂಪಗೆ ಒಂದು ಗೆರೆ. “ಏನಿಲ್ಲ. ಮುಂಜಾನಿ ಕಂಡಕಿ ಸುತ್ತತೇನಿ. ನೂಲು ಹರದು ಹಂಗ ಆಗತೈತಿ.”

“ಕಂಡಕಿ ಅಂದ್ರ?”

“ಲಾಳಿ ಒಳಗ ಇಡ್ತಾರಲ್ಲ, ನೂಲು ಸುತ್ತಿದ ಸಣ್ಣ ಕೊಳವಿ. ಅದಿಲ್ಲಂದ್ರ ಮಗ್ಗ ನಡಿಯಂಗಿಲ್ಲ.”

“ದಿನಾ ಎಷ್ಟೊತ್ತು ಸುತ್ತತೀರಿ?”

“ಒಂದೂವರಿ ತಾಸು. ದಾದಿ ಹಗಲೊತ್ತು ನಡುನಡುವ ಸುತ್ತತಾಳ. ಅಮ್ಮಿ ನೂಲಿನ ಲಡಿ ಬಿಡಸತಾಳ.”

ಅವನು ಹಾಳೆಯನ್ನು ಮೂರನೆಯ ಸಲ ಓದಿದ. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿಸಿ ಮೆಟ್ಟಿಲ ಮೇಲಿಟ್ಟ.

“ಲೆಕ್ಕದಾಗ ನೀವ ಇಲ್ಲಲ್ಲರಿ.”

ಮೈಯೆಲ್ಲ ಉರಿದು ಹೋಯಿತು. ಹಾಳೆ ಕಸಿದುಕೊಂಡು ಎದ್ದು ಬಂದೆ. ಟಂಟಂ ಆಟೋದಲ್ಲಿ ಬೆಟಗೇರಿಗೆ ಹೋಗುವಷ್ಟು ದಾರಿಯೂ ಅವನನ್ನು ಬೈದೆ. ಮನೆ ಹತ್ತಿರ ಬಂದಂತೆ ಬೈಗುಳ ಕಡಿಮೆಯಾಗಿ ಬರೀ ನಾಚಿಕೆ ಉಳಿಯಿತು. ನೇಕಾರರ ಮನೆಯಲ್ಲಿ ಹುಟ್ಟಿ, ರಾಟೆಯ ಸಪ್ಪಳ ಕೇಳುತ್ತ ಬೆಳೆದು, ಹಾಳೆಯ ಮೇಲೆ ಅದನ್ನೇ ಮರೆತಿದ್ದೆ. ನಮ್ಮ ಓಣಿಯಲ್ಲಿ ಕೆಲಸವೆಂದರೆ ಮಗ್ಗದ ಮೇಲೆ ಕೂತು ಮಾಡುವುದು. ಉಳಿದದ್ದನ್ನು ಯಾರೂ ಕೆಲಸ ಅನ್ನುವುದಿಲ್ಲ. ನಾನೂ ಅಂದಿರಲಿಲ್ಲ.

ಅಬ್ಬಾನ ತಾಯಿ, ನಮ್ಮ ದಾದಿ ಸುಗ್ರಾಬಿ ರಾಟೆಯ ಮುಂದೆ ಕೂತಿದ್ದಳು. “ದಾದಿ, ಒಂದು ಸೀರಿಗೆ ನೀ ಎಷ್ಟು ತಾಸು ಕಂಡಕಿ ಸುತ್ತತಿ?” ಎಂದು ಕೇಳಿದೆ.

“ಅಯ್ಯ, ಇದನ್ನೇನ್ ಅಳೀತಿ ಬಿಡ! ಇದೇನು ಕೆಲಸೇನು? ಕೈ ಖಾಲಿ ಇದ್ದಾಗ ಸುತ್ತೂದು.”

“ನಿನ್ನ ಕೈ ಯಾವಾಗ ಖಾಲಿ ಇರತೈತಿ?”

ದಾದಿಯ ಕೈಯಲ್ಲಿ ರಾಟೆ ತಿರುಗುತ್ತಲೇ ಇತ್ತು.

ಬುಧವಾರ ಮಧ್ಯಾಹ್ನ ಕ್ಲಾಸಿರಲಿಲ್ಲ. ನಾನೇ ಅಝೀಮನ ಬಳಿ ಹೋಗಿ, “ತಪ್ಪು ತಿದ್ದಬೇಕು. ಅಳಿಯಾಕ ಬರ್ರಿ. ಅಂಕಿತಾನೂ ಬರ್ತಾಳ,” ಎಂದೆ. ಮಾಫಿ ಕೇಳುವುದು ನನಗೆ ಬರುವುದಿಲ್ಲ, ಇಷ್ಟೇ ಬರುತ್ತದೆ. ಅವನಿಗೂ ಅರ್ಥವಾಯಿತು.

ಮನೆಗೆ ಬಂದವನು ಅಬ್ಬಾನಿಗೂ ದಾದಿಗೂ ಸಲಾಂ ಹೇಳಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ತೆಗೆದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಒಂದು ಕಂಡಿಕೆಗೆ ಎಷ್ಟು ನಿಮಿಷ, ಒಂದು ಸೀರೆಗೆ ಎಷ್ಟು ಕಂಡಿಕೆ, ಒಂದು ಲಡಿ ಬಿಡಿಸಲು ಎಷ್ಟು ಹೊತ್ತು. ಅವನು ಹೇಳುತ್ತ ಹೋದ, ಅಂಕಿತಾ ಬರೆಯುತ್ತ ಹೋದಳು. ಅಬ್ಬಾ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ನೇಯುತ್ತಲೇ ಇದ್ದರು. ಆದರೆ ಲಾಳಿಯ ಸಪ್ಪಳ ಆಗಾಗ ತಪ್ಪುತ್ತಿತ್ತು, ಅಂದರೆ ಕಿವಿ ಇತ್ತ ಕಡೆಗಿತ್ತು.

ದಾದಿ ಎಷ್ಟೊತ್ತು ಸುಮ್ಮನಿದ್ದಾಳು? “ಏನ್ಪಾ ತಮ್ಮಾ, ಬರೀ ನೋಡ್ತಿಯೋ, ಮಾಡಾಕೂ ಬರತೈತೋ?” ಎಂದು ಎದ್ದು ಅವನನ್ನು ರಾಟೆಯ ಮುಂದೆ ಕೂರಿಸಿಬಿಟ್ಟಳು.

ಅವನ ಬಲಗೈ ತಿರುಗಿಸಿದರೆ ಎಡಗೈ ಮರೆಯುತ್ತಿತ್ತು, ಎಡಗೈ ನೆನಪಾದರೆ ರಾಟೆ ನಿಲ್ಲುತ್ತಿತ್ತು. ಐದು ನಿಮಿಷದಲ್ಲಿ ಏಳು ಸಲ ನೂಲು ಹರಿದ. ಜಿಎಸ್‌ಟಿಯ ಕಲಮುಗಳನ್ನು ಗಡಗಡ ಹೇಳುವವನ ಹಣೆಯ ಮೇಲೆ ಬೆವರು. ನಾನು ಬಾಯಿಗೆ ದುಪಟ್ಟಾ ಒತ್ತಿ ನಕ್ಕೆ. ಅವನು ಕತ್ತೆತ್ತಿ, “ನಗ್ರಿ ನಗ್ರಿ. ಇದನ್ನೂ ಬರಕೋರಿ, ಅಝೀಮ, ಐದು ನಿಮಿಷ, ಫೇಲ್,” ಎಂದ.

“ನೂಲನ್ನ ಎಳೀಬ್ಯಾಡ್ರಿ. ಅದರ ಪಾಡಿಗೆ ಅದು ಬರತೈತಿ, ದಾರಿ ಅಷ್ಟ ತೋರಸ್ರಿ,” ಎಂದು ಎದುರಿಗೆ ಕೂತು ಅವನ ಬೆರಳಿನ ನಡುವೆ ಎಳೆಯನ್ನು ಸರಿಯಾಗಿ ಇಟ್ಟೆ. ಬೆರಳು ತಾಗಲಿಲ್ಲ. ಇಬ್ಬರೂ ತಾಗದ ಹಾಗೆ ಅಷ್ಟು ಜೋಪಾನ ಮಾಡಿದೆವಲ್ಲ, ಅದರಿಂದಲೇ ಅವನನ್ನು ನಾನು ಇಷ್ಟಪಡುತ್ತಿದ್ದೇನೆ ಎಂದು ಆ ಕ್ಷಣ ಸ್ಪಷ್ಟವಾಗಿ ಗೊತ್ತಾಯಿತು. ಗೊತ್ತಾದ ಕೂಡಲೇ ಎದ್ದು ಚಹಾ ಮಾಡಲು ಒಳಗೆ ಹೋದೆ.

ಸಂಜೆ ಕೂಡಿಸಿ ನೋಡಿದೆವು. ಒಂದು ಸೀರೆಗೆ ಅಬ್ಬಾ ಇಪ್ಪತ್ತೆಂಟು ತಾಸು. ದಾದಿ ಎಂಟು, ಅಮ್ಮಿ ಐದು, ನಾನು ಆರು. ಒಟ್ಟು ನಲವತ್ತೇಳು. ಅಬ್ಬಾ ಮಗ್ಗ ನಿಲ್ಲಿಸಿದರು. ಹಾಳೆ ಇಸಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, “ಹತ್ತೊಂಬತ್ತು ತಾಸು ನೀವು ಮೂರು ಮಂದಿ,” ಎಂದು ತಮಗೆ ತಾವೇ ಅಂದುಕೊಂಡು ಆ ಹಾಳೆಯನ್ನು ಮಗ್ಗದ ಪಕ್ಕದ ಗೋಡೆಗೆ ಅಂಟಿಸಲು ಹೇಳಿದರು.

ಗುರುವಾರ ನನ್ನ ಸೆಮಿನಾರಿತ್ತು. ನಾನು ಆ ಗೋಡೆಯ ಹಾಳೆಯ ನಕಲನ್ನೇ ಬೋರ್ಡಿನ ಮೇಲೆ ಬರೆದೆ. ಮೊದಲು ಇಪ್ಪತ್ತೆಂಟು ಬರೆದು, ನನ್ನ ತಪ್ಪನ್ನೂ ಹೇಳಿ, ಆಮೇಲೆ ನಲವತ್ತೇಳು ಮಾಡಿದೆ. ದಾದಿ ಏನಂದಳು ಎಂಬುದನ್ನೂ ಹೇಳಿದೆ. ಹಿಂದಿನ ಬೆಂಚಿನಿಂದ ಅಸುಂಡಿಯ ಮಲ್ಲು ಕೈ ಎತ್ತಿದ.

“ಹಂಗಾರ ನಮ್ಮವ್ವ ಎಮ್ಮಿ ಹಿಂಡೂದೂ ಲೆಕ್ಕಕ್ಕ ಬರತೈತೇನು?”

ಎಲ್ಲರೂ ನಕ್ಕರು. “ಬರತೈತಿ,” ಎಂದೆ. “ಅಳದು ನೋಡು.”

ಅವತ್ತು ಸಂಜೆಯ ಹೊತ್ತಿಗೆ ಏಳು ಮಂದಿ ಟ್ಯಾಕ್ಸೇಶನ್ ಬಿಟ್ಟು ಇತ್ತ ಬಂದು, ಕಾಸ್ಟಿಂಗ್ ಹಾಳೆಯಲ್ಲಿ ಒಂಬತ್ತು ಹೆಸರಾದವು. ನಮ್ಮ ವಿಭಾಗದ ಮುಖ್ಯಸ್ಥರು ಹುಚ್ಚೀರಪ್ಪ ಸರ್ ಕನ್ನಡಕ ಒರೆಸುತ್ತ, “ಹತ್ತು ಅಂದ್ರ ಹತ್ತು ನೋಡವಾ. ಒಂಬತ್ತಕ್ಕ ನನ್ನ ಕೈಯಾಗ ಏನೂ ಇಲ್ಲ,” ಎಂದರು.

ಶುಕ್ರವಾರ ನಾಲ್ಕು ಗಂಟೆಗೆ ಅಂಕಿತಾ ಓಡಿ ಬಂದು ನನ್ನನ್ನು ಗಿರ್ರನೆ ತಿರುಗಿಸಿದಳು. “ಹತ್ತಾತು! ಹೋಗಿ ನೋಡ ಯಾರಂತ!”

ಟ್ಯಾಕ್ಸೇಶನ್ ಹಾಳೆಯ ಮೊದಲ ಹೆಸರಿಗೆ ಕಾಟು ಬಿದ್ದಿತ್ತು. ಕಾಸ್ಟಿಂಗ್ ಹಾಳೆಯ ಕೊನೆಯಲ್ಲಿ ಅದೇ ದುಂಡನೆಯ ಅಕ್ಷರ.

ಸುಳ್ಳು ಯಾಕೆ ಹೇಳಲಿ, ಆ ಕ್ಷಣಕ್ಕೆ ಕುಣಿಯಬೇಕೆನಿಸಿತು. ವರ್ಷವಿಡೀ ಒಂದೇ ಕೋಣೆ, ಹತ್ತೇ ಜನ, ಕತ್ತು ತಿರುಗಿಸಿದರೆ ಅವನು. ಬೋರ್ಡಿನ ಮುಂದೆ ನಿಂತು ಆ ಸುಖವನ್ನು ಒಂದು ನಿಮಿಷ ಅನುಭವಿಸಿದೆ. ಆಮೇಲೆ ಕ್ಯಾಂಟೀನಿನಲ್ಲಿ ನೋಡಿದ ಅವನ ಮುಖ ನೆನಪಾಯಿತು. ಅವನು ಊರಿನ ಬಸ್ಸು ಹಿಡಿಯುವ ಹೊತ್ತದು; ಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಲಕ್ಷ್ಮೇಶ್ವರದ ಬಸ್ಸು ಹೊರಡಲು ನಿಂತಿತ್ತು. ಅವನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ.

“ಇಳೀ ಕೆಳಗ,” ಎಂದೆ. ‘ರಿ’ ಎಲ್ಲಿ ಹೋಯಿತೋ ಗೊತ್ತಿಲ್ಲ.

ಅವನು ಇಳಿದ. ಬಸ್ಸು ಹೋಯಿತು.

“ಯಾಕ ಬರದಿ?”

“ಹತ್ತು ಆಗಲಿ ಅಂತ.”

“ಖರೆ ಹೇಳು.”

ಗದಗಿನ ಗಾಳಿ ಧೂಳೆಬ್ಬಿಸುತ್ತಿತ್ತು. ಅವನು ಕಣ್ಣು ಕಿರಿದು ಮಾಡಿಕೊಂಡ. “ನಿನ್ನ ಸಲುವಾಗಿ ಬರದೆ. ನೀ ಅಂದ್ರ ನನಗ ಜೀವ, ತಬಸ್ಸುಮ. ಜಗಳಾ ಮಾಡಾಕ ಬಂದ ದಿನದಿಂದನ. ನಿನ್ನ ಹಾಳಿ ಒಂದು ಹೆಸರಿನ ಸಲುವಾಗಿ ಕೆಡೂದು ನನಗ ನೋಡಾಕ ಆಗಲಿಲ್ಲ.”

ಇಂಥ ಮಾತನ್ನು ಕೇಳಬೇಕೆಂದು ನಾನು ಎಷ್ಟು ಆಸೆಪಟ್ಟಿದ್ದೆನೋ ನನಗೇ ಗೊತ್ತು. ಕಣ್ಣು ತುಂಬಿ ಬಂದವು. ಆದರೂ ಬಿಡಲಿಲ್ಲ.

“ನೋಟಿಸ್ ಹಿಡಕೊಂಡು ಬರೂ ಮಂದಿ? ಅವರ ಮುಖ ಸಡಲ ಆಗೂದು ನೋಡಾಕ ಸೇರತೈತಿ ಅಂದಿದ್ದಿ?”

“ಅದು ಹೆಂಗರೆ ಆಗತೈತಿ ಬಿಡು. ಮಾಮಾ ಅದಾನ.”

“ನಿನಗ ಕಾಸ್ಟಿಂಗ್ ಬೇಕೇನು? ನಾ ಇಲ್ಲ ಅಂತ ತಿಳಕೋ. ಆವಾಗ ಬೇಕೇನು?”

ಅವನು ಅಡ್ಡಡ್ಡ ತಲೆ ಆಡಿಸಿದ. ಸುಳ್ಳು ಹೇಳಲು ಬಾರದವನನ್ನು ಪ್ರೀತಿಸಿದರೆ ಇದೊಂದು ಅನುಕೂಲ.

“ಅಝೀಮ, ಈಗ ಲೆಕ್ಕದಾಗ ನೀನ ಇಲ್ಲ,” ಎಂದೆ.

ಲೈಬ್ರರಿಯ ಮೆಟ್ಟಿಲಿನ ಮೇಲೆ ತಾನೇ ಆಡಿದ ಮಾತು ಅವನಿಗೆ ಹತ್ತಿತು. ಎರಡನೆಯ ಬಸ್ಸೂ ಬಂತು, ಕಂಡಕ್ಟರ್ “ಲಕ್ಷ್ಮೇಶ್ವರಾ, ಲಕ್ಷ್ಮೇಶ್ವರಾ” ಎಂದು ಕೂಗಿದ, ಅದೂ ಹೋಯಿತು.

“ನಾ ಹೆಸರು ತಗದ್ರ ಒಂಬತ್ತು ಉಳೀತಾವು,” ಎಂದ. “ನಾಳೆ ಹನ್ನೆರಡಕ್ಕ ಹಾಳಿ ತಗೀತಾರ.”

“ಹತ್ತನೆಯವರನ್ನ ಹುಡುಕೂದು ನನ್ನ ಕೆಲಸ.”

“ಸಿಗಲಿಲ್ಲಂದ್ರ?”

“ಸಿಗಲಿಲ್ಲಂದ್ರ ಅಳತೇನಿ. ಆದ್ರ ನೀ ಮನಸ್ಸಿಲ್ಲದ ಓದಿದ್ದನ್ನ ನೋಡಿಕೋತ ಇಡೀ ವರ್ಷ ಅಳೂದು ನನಗ ಬ್ಯಾಡ. ನಾಳೆ ಮುಂಜಾನಿ ನಿನ್ನ ಹೆಸರು ಅಲ್ಲಿ ಇರಬಾರದು. ನನ್ನ ಮ್ಯಾಲೆ ಭರೋಸಾ ಐತೋ ಇಲ್ಲೋ?”

ಅವನು ಮೂರನೆಯ ಬಸ್ಸು ಹತ್ತಿ, ಕಿಟಕಿಯ ಬಳಿ ಕೂತು, ಬಸ್ಸು ತಿರುಗುವ ತನಕ ನನ್ನನ್ನೇ ನೋಡುತ್ತಿದ್ದ.

ಟಂಟಂನಲ್ಲಿ ಕೂತ ಕೂಡಲೇ ಮಲ್ಲುವಿಗೆ ಫೋನು ಮಾಡಿದೆ. “ನಾಳೆ ಮುಂಜಾನಿ ಆರಕ್ಕ ನಿಮ್ಮ ಮನಿಗೆ ಬರ್ತೇನಿ. ನಿಮ್ಮವ್ವಗ ಹೇಳಿಡು.”

“ಯಾಕ?”

“ನೀ ಪ್ರಶ್ನೆ ಕೇಳಿದ್ದಿಯಲ್ಲ. ಉತ್ತರಾ ತಗೋ.”

ಬೆಳಕು ಹರಿಯುವಾಗ ಅಬ್ಬಾನ ಸ್ಕೂಟರಿನಲ್ಲಿ ಅಸುಂಡಿಗೆ ಹೋದೆ. ಮಲ್ಲು ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತಿದ್ದ. ಅವನ ಅವ್ವ ಸುಮಿತ್ರವ್ವ ಆಗಲೇ ಕೊಟ್ಟಿಗೆಯಲ್ಲಿದ್ದರು. ಮೂರು ಎಮ್ಮೆ, ಒಂದು ಕರು.

“ಬಾರವಾ, ಚಾ ಕುಡಿ ಮೊದಲ,” ಎಂದರು.

“ಅವ್ವಾರ, ನೀವು ನಿಮ್ಮ ಪಾಡಿಗೆ ಮಾಡ್ರಿ. ನಾ ಹಿಂದಿಂದ ಬರ್ತೇನಿ,” ಎಂದು ಮಲ್ಲುವಿನ ಕೈಗೇ ಮೊಬೈಲ್ ಕೊಟ್ಟು ಸ್ಟಾಪ್‌ವಾಚ್ ಒತ್ತಿಸಿದೆ. ಸಗಣಿ ಬಳಿಯುವುದು, ನೀರು ಹೊರುವುದು, ಮೈ ತೊಳೆಯುವುದು, ಹಿಂಡುವುದು, ಹಾಲು ಡೇರಿಗೆ ಒಯ್ಯುವುದು, ಮರಳಿ ಬಂದು ಮೇವು ಕತ್ತರಿಸುವುದು. ಮಲ್ಲು ಮೊದಲು ನಗುತ್ತ ಬಂದ. ಎರಡು ತಾಸಾದ ಮೇಲೆ ನಗು ನಿಂತಿತು. ಮೂರನೆಯ ತಾಸಿಗೆ ಅವ್ವನ ಕೈಯಿಂದ ಕೊಡ ಇಸಿದುಕೊಳ್ಳಲು ಹೋದ. “ಬ್ಯಾಡ, ಲೆಕ್ಕ ತಪ್ಪತೈತಿ,” ಎಂದು ತಡೆದೆ.

ಡೇರಿಯ ಕಾರ್ಡಿನ ಮೇಲೆ ಅವನ ಅಪ್ಪ ಸಂಗಪ್ಪನ ಹೆಸರಿತ್ತು. ಅದನ್ನೂ ಅವನೇ ನೋಡಿದ, ನಾನು ತೋರಿಸಲಿಲ್ಲ.

ಒಂಬತ್ತೂವರೆಗೆ ಸುಮಿತ್ರವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೂತರು. “ಮೂರು ತಾಸು ಇಪ್ಪತ್ತು ನಿಮಿಷ, ಬರೀ ಮುಂಜಾನಿದ,” ಎಂದ ಮಲ್ಲು.

“ಅಯ್ಯ, ಇದನ್ನೇನ್ ಅಳೀತಿ ಬಿಡ,” ಎಂದು ನಕ್ಕರು ಸುಮಿತ್ರವ್ವ. “ಇದೇನು ಕೆಲಸೇನು?”

ಮಲ್ಲು ನನ್ನ ಕಡೆ ನೋಡಿದ. ಸೆಮಿನಾರಿನಲ್ಲಿ ನಾನು ದಾದಿಯ ಬಾಯಿಂದ ಹೇಳಿದ ಮಾತು ಅದು, ಒಂದಕ್ಷರವೂ ಬೇರೆಯಾಗಿರಲಿಲ್ಲ. ಅವನು ಒಳಗೆ ಹೋಗಿ ಅಂಗಿ ಬದಲಿಸಿ ಬಂದ. “ನಡಿ,” ಎಂದ. “ನಾನೂ ಕಲೀತೇನಿ ಇದನ್ನ. ನನಗ ಟ್ಯಾಕ್ಸೇಶನ್ ಯಾಕ ಬೇಕು ಅಂತ ಯಾರರೆ ಕೇಳಿದ್ರ ಅಝೀಮ ತಗೊಂಡಾನಂತ ಹೇಳತಿದ್ನಿ.”

ದಾರಿಯಲ್ಲಿ ಸ್ಕೂಟರಿನ ಗಾಲಿ ಪಂಕ್ಚರಾಯಿತು. ಆಗಬೇಕಾದ್ದೇ. ಅದನ್ನು ಅಂಗಡಿಯೊಂದರಲ್ಲಿ ಬಿಟ್ಟು, ಟ್ರ್ಯಾಕ್ಟರ್ ಹತ್ತಿ, ಕೊನೆಯ ದಾರಿಯನ್ನು ಓಡಿ ಕಾಲೇಜು ಮುಟ್ಟಿದಾಗ ಹನ್ನೊಂದು ಐವತ್ತು.

ಬೋರ್ಡಿನ ಮುಂದೆ ಹುಚ್ಚೀರಪ್ಪ ಸರ್ ನಿಂತಿದ್ದರು. ಪಕ್ಕದಲ್ಲಿ ಅಝೀಮ. ನನ್ನ ಕಣ್ಣು ಮೊದಲು ಹೋದದ್ದು ಕಾಸ್ಟಿಂಗ್ ಹಾಳೆಯ ಕೊನೆಯ ಸಾಲಿಗೆ. ಅವನ ಹೆಸರಿಗೆ ಕಾಟು ಬಿದ್ದಿತ್ತು. ಟ್ಯಾಕ್ಸೇಶನ್ ಹಾಳೆಯ ಕೊನೆಯಲ್ಲಿ ಹೊಸದಾಗಿ ಬರೆದಿದ್ದ.

“ಒಂಬತ್ತಕ್ಕ ಬಂದು ಹೆಸರು ಹೊಡದಾನ,” ಎಂದು ಅಂಕಿತಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. “ಯಾಕಲೇ ಅಂತ ಎಲ್ಲಾರೂ ಬೈದ್ರು. ತಬಸ್ಸುಮ ಬರ್ತಾಳ, ಹತ್ತು ಮಾಡತಾಳ ಅಂದ. ಅವಾಗಿಂದ ಗೇಟ್ ನೋಡಿಕೋತ ನಿಂತಾನ.”

ಮಲ್ಲು ಪೆನ್ನು ಕೇಳಿದ. ಅಝೀಮ ತನ್ನದನ್ನೇ ಕೊಟ್ಟ. ಹತ್ತನೆಯ ಹೆಸರು ಬಿದ್ದಿತು. ಹುಚ್ಚೀರಪ್ಪ ಸರ್ ಬೆರಳಿಟ್ಟು ಎರಡು ಸಲ ಎಣಿಸಿ, “ಆತು ಬಿಡವಾ,” ಎಂದು ಹಾಳೆ ಬಿಚ್ಚಿಕೊಂಡು ಹೋದರು.

ಗದ್ದಲವೆಲ್ಲ ಕ್ಯಾಂಟೀನಿನ ಕಡೆ ಸಾಗಿದ ಮೇಲೆ ನಾವಿಬ್ಬರೇ ಉಳಿದೆವು. ನನ್ನ ಸಲ್ವಾರಿನ ಮೇಲೆ ಸಗಣಿಯ ಕಲೆ, ತಲೆಗೂದಲಲ್ಲಿ ಹೊಟ್ಟು. ಅವನು ಕೈ ಚಾಚಿ ಹೊಟ್ಟನ್ನು ತೆಗೆಯಲು ಹೋಗಿ, ಸುತ್ತ ನೋಡಿ, ಕೈ ಹಿಂದೆಳೆದುಕೊಂಡ.

“ವರ್ಷೆಲ್ಲಾ ಬ್ಯಾರೆ ಬ್ಯಾರೆ ಕ್ಲಾಸು,” ಎಂದ. ದನಿಯಲ್ಲಿ ನೋವಿತ್ತು.

“ನಡುವ ಒಂದ ಗೋಡಿ. ಸಾಯಂಗಿಲ್ಲ,” ಎಂದೆ. “ನಿನ್ನೆ ಬಸ್ ಸ್ಟ್ಯಾಂಡಿನ್ಯಾಗ ಒಂದು ಮಾತು ಹೇಳಿದ್ದಿ. ಧೂಳಿನ್ಯಾಗ ಸರಿಯಾಗಿ ಕೇಳಲಿಲ್ಲ.”

“ಸುಳ್ಳಿ.” ಈ ಸಲ ಮಾತಿಗೆ ಮೊದಲೇ ನನ್ನನ್ನು ನೋಡಿದ. “ನೀ ಅಂದ್ರ ನನಗ ಜೀವ.”

“ನನಗೂ ನೀ ಅಂದ್ರ ಅಷ್ಟ,” ಎಂದೆ. ಹೇಳಿದ ಮೇಲೆ ಹಗುರಾದೆ. “ಆದ್ರ ಇದನ್ನ ಇಲ್ಲಿ ನಿಂತು ಹೇಳಿದ್ರ ಮುಗಿಯಂಗಿಲ್ಲ. ನಮ್ಮ ಮನ್ಯಾಗ ದಾದಿ ಅದಾಳ. ನಾಳೆ ಬಾ.”

ಭಾನುವಾರ ಹತ್ತು ಗಂಟೆಗೆ ಅವನು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಲಕ್ಷ್ಮೇಶ್ವರದಿಂದ ತಂದ ಖಾರದ ತಿಂಡಿಯ ಪೊಟ್ಟಣ. ಹೊಸಿಲು ದಾಟಿ ಸಲಾಂ ಹೇಳಿದ. ದಾದಿ ಅವನನ್ನು ಮೇಲಿಂದ ಕೆಳಗೆ ನೋಡಿದಳು, ಆಮೇಲೆ ನನ್ನನ್ನು. ಎಪ್ಪತ್ತು ವರ್ಷದ ಕಣ್ಣಿಗೆ ಏನೂ ಹೇಳಬೇಕಾಗಲಿಲ್ಲ.

“ಅವತ್ತು ಅರ್ಧಾ ಬಿಟ್ಟು ಹೋಗಿದ್ದಿ,” ಎಂದು ರಾಟೆಯ ಕಡೆ ಕೈ ಮಾಡಿದಳು. “ಮುಗಿಸು.”

ಅವನು ತೋಳು ಮಡಚಿ ಕೂತ. ನೂಲು ಹರಿಯಿತು, ಗಂಟು ಹಾಕಿದ. ಮತ್ತೆ ಹರಿಯಿತು, ಮತ್ತೆ ಹಾಕಿದ. ದಾದಿ ಐದಾರು ನಿಮಿಷದಲ್ಲಿ ಮುಗಿಸುವ ಕಂಡಿಕೆ. ಅಮ್ಮಿ ಎರಡು ಸಲ ಚಹಾ ಕೊಟ್ಟಳು, ಎರಡೂ ಆರಿ ಹೋದವು. ನಾನು ಸಹಾಯಕ್ಕೆ ಏಳಲು ಹೋದರೆ ದಾದಿ ಕಣ್ಣಲ್ಲೇ ಕೂರಿಸಿದಳು. ಕೊನೆಗೆ ಅವನು ಕಂಡಿಕೆಯನ್ನು ಬಿಚ್ಚಿ ಅಂಗೈಯಲ್ಲಿಟ್ಟು ಚಾಚಿದ. ನಡುವೆ ಹೊಟ್ಟೆ ಬಂದಿತ್ತು, ತುದಿ ಸಡಿಲವಿತ್ತು. ಅವನ ತೋರುಬೆರಳಿನ ಬದಿಗೆ ಕೆಂಪಗೆ ಒಂದು ಗೆರೆ ಮೂಡಿತ್ತು.

ಅಬ್ಬಾ ಅದನ್ನು ಲಾಳಿಗೆ ಹಾಕಿ ನೇಯ್ದರು. ಎರಡು ಕಡೆ ಎಳೆ ಹರಿಯಿತು. ಎರಡು ಕಡೆಯೂ ತಾಳ್ಮೆಯಿಂದ ಗಂಟು ಹಾಕಿ ಮುಂದುವರಿಸಿದರು. ಕಂಡಿಕೆ ಖಾಲಿಯಾಗುವ ತನಕ ಅದನ್ನು ಬಿಡಲಿಲ್ಲ.

ನಾನು ಎದ್ದೆ. ಗೋಡೆಯ ಮೇಲಿನ ಹಾಳೆಯಲ್ಲಿ ನಾಲ್ಕು ಹೆಸರಿದ್ದವು: ಅಬ್ಬಾ, ದಾದಿ, ಅಮ್ಮಿ, ನಾನು. ಪೆನ್ಸಿಲಿನಿಂದ ಐದನೆಯ ಸಾಲು ಬರೆದೆ. ಅಝೀಮ, ಒಂದು ತಾಸು ಇಪ್ಪತ್ತು ನಿಮಿಷ.

“ಅವನ ಹೆಸರು ಯಾಕಲ್ಲಿ?” ಎಂದರು ಅಬ್ಬಾ.

“ಕೆಲಸ ಮಾಡ್ಯಾನಲ್ಲ ಅಬ್ಬಾ.”

“ಒಂದ ಕಂಡಕಿಗೆ?”

ಪೆನ್ಸಿಲನ್ನು ಕೈಯಲ್ಲೇ ಹಿಡಿದು ಅವರ ಕಡೆ ತಿರುಗಿದೆ. “ಇಬ್ಬರದೂ ಓದು ಮುಗೀಲಿ. ಮುಂದೂ ಮಾಡತಾನ. ಆ ಹೆಸರು ಅಳಿಸಬ್ಯಾಡ್ರಿ.”

ಅಮ್ಮಿ ಲಡಿ ಬಿಡಿಸುವುದನ್ನು ನಿಲ್ಲಿಸಿದಳು. ಅಝೀಮ ಎದ್ದು ನಿಂತ, ತಲೆ ಕೆಳಗೆ ಹಾಕಲಿಲ್ಲ. ಅಬ್ಬಾ ಮಗ್ಗದ ಕುಣಿಯಿಂದ ಮೇಲೆ ಬಂದು, ನನ್ನ ಕೈಯಿಂದ ಪೆನ್ಸಿಲು ತೆಗೆದುಕೊಂಡು ಹಾಳೆಯ ಮುಂದೆ ನಿಂತರು. ಅಳಿಸುತ್ತಾರೆ ಅಂದುಕೊಂಡೆ.

ಅವರು ಅಝೀಮನ ಕಡೆ ತಿರುಗಿದರು.

“ಪೂರಾ ಹೆಸರು ಹೇಳಪಾ,” ಎಂದರು. “ಅಪ್ಪನ ಹೆಸರೇನು? ಲಕ್ಷ್ಮೇಶ್ವರದಾಗ ಮನಿ ಯಾವ ಓಣ್ಯಾಗ ಬರತೈತಿ?”